ತಾಯಿಮರದ ಲೆಕ್ಕವಿಟ್ಟ ನರ್ಸರಿ

ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಘಟ್ಟದಂಚಿನಲ್ಲಿರುವ ಒಂದು ಕಾಡುಗಿಡಗಳ ನರ್ಸರಿಯಿಂದ ಕಳೆದ ಮೂರು ಮಳೆಗಾಲಗಳಲ್ಲಿ ನಾನು 140 ಸಸಿಗಳನ್ನು ತಂದು ನೆಟ್ಟಿದ್ದೇನೆ. ಆ ನರ್ಸರಿಯ ಕೆಲಸ ಹೇಗಿದೆ, ಯಾರು ಅಲ್ಲಿಗೆ ಹೋಗಬೇಕು, ಯಾರು ಹೋಗಬಾರದು ಎಂಬುದನ್ನು ಬರೆಯುವಷ್ಟು ಅನುಭವ ಈಗ ಆಗಿದೆ ಎಂದುಕೊಂಡಿದ್ದೇನೆ. ಹೆಸರನ್ನು ಬರೆಯುವುದಿಲ್ಲ, ಅದನ್ನು ನಡೆಸುವ ದಂಪತಿ ಹಾಗೆ ಕೇಳಿಕೊಂಡಿದ್ದಾರೆ. ಅಪರೂಪದ ಗಿಡ ಎಂಬ ಒಂದೇ ಕಾರಣಕ್ಕೆ ದೂರದ ಊರುಗಳಿಂದ ಕಾರಿನಲ್ಲಿ ಬಂದು, ಫಾರ್ಮ್‌ಹೌಸಿನ ಅಂಗಳಕ್ಕೆ ಎರಡೆರಡು ಕೊಡಿ ಎಂದು ಕೇಳುವವರು ಹೆಚ್ಚಾಗಿರುವುದು ಅವರಿಗೆ ಬೇಸರ ತಂದಿದೆ. ನಮ್ಮ ಜಿಲ್ಲೆಯಲ್ಲಿ ಬೆಟ್ಟವನ್ನೋ ಹಳ್ಳದ ದಂಡೆಯನ್ನೋ ಮತ್ತೆ ಕಾಡು ಮಾಡಲು ಹೊರಟವರಿಗೆ ಆ ಜಾಗ ಹುಡುಕುವುದು ಕಷ್ಟವಾಗಲಾರದು.

ನನ್ನ ಅಗತ್ಯವೇನಿತ್ತು ಎಂಬುದನ್ನು ಮೊದಲು ಹೇಳಬೇಕು. ನಮ್ಮದು ಸಣ್ಣ ಅಡಿಕೆ ತೋಟ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟದ, ಅಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡಿನ, ಸೌಲಭ್ಯ ಬ್ರಿಟಿಷರ ಕಾಲದಿಂದ ನಡೆದುಬಂದಿದೆ. ಅದರಂತೆ ತೋಟದ ತಲೆಯ ಮೇಲೆ ನಮಗೂ ಬೆಟ್ಟವಿದೆ. ಆ ಬೆಟ್ಟದ ಬುಡದಲ್ಲಿ ಹುಟ್ಟುವ ಒರತೆಯೇ ತೋಟಕ್ಕೆ ನೀರು. ನಾನು ಹುಡುಗನಾಗಿದ್ದಾಗ ಮೇ ತಿಂಗಳಲ್ಲೂ ಹರಿಯುತ್ತಿದ್ದ ಆ ಒರತೆ ಈಚಿನ ವರ್ಷಗಳಲ್ಲಿ ಮಾರ್ಚ್ ಕೊನೆಗೇ ನಿಲ್ಲತೊಡಗಿತು. ಒರತೆಯ ಸುತ್ತಲಿನ ಜೌಗು ನೆಲದಲ್ಲಿ ಹಿಂದೆ ಜಾಯಿಕಾಯಿಯ ಕಾಡು ಬಂಧುವಾದ ರಾಂಪತ್ರೆ ಮರಗಳ ಗುಂಪು ಇತ್ತೆಂದೂ, ಅದನ್ನು ಕಡಿದು ಅಗಳ ತೋಡಿ ನೀರು ಬಸಿದ ಮೇಲೆಯೇ ತೋಟ ಎದ್ದದ್ದೆಂದೂ ಅಜ್ಜ ಹೇಳುತ್ತಿದ್ದರು. ಪಶ್ಚಿಮ ಘಟ್ಟದ ಜಾಯಿಕಾಯಿ ಜಾತಿಯ ಜೌಗುಕಾಡುಗಳು ಬಹುಪಾಲು ಹೀಗೆಯೇ ಗದ್ದೆಗಳೂ ತೋಟಗಳೂ ಆದವು. ಆ ಸಾಲದಲ್ಲಿ ನಮ್ಮ ಮನೆಯ ಪಾಲೂ ಇದೆ ಎಂಬ ಭಾರ ನನ್ನಲ್ಲಿ ಇತ್ತು, ಈಗಲೂ ಇದೆ.

ಇಲ್ಲಿಗೆ ಬರುವ ಮೊದಲು ಬೇರೆ ಒಂದು ಕಡೆಯಿಂದ ಮೂವತ್ತು ಸಸಿ ತಂದಿದ್ದೆ. ಅಶೋಕ ಎಂದು ಕೊಟ್ಟ ಹತ್ತು ಸಸಿಗಳು ಬೆಳೆದಾಗ ಎಲೆಯಂಚು ಅಲೆ ಅಲೆಯಾಗಿ, ಕಾಂಡ ಕಂಬದಂತೆ ನೆಟ್ಟಗೆ ಹೋದವು. ಅವು ಶಾಲೆ ಕಚೇರಿಗಳ ಕಂಪೌಂಡಿನಲ್ಲಿ ಸಾಲಾಗಿ ನಿಲ್ಲಿಸುವ ಕಂಬದ ಅಶೋಕಗಳಾಗಿದ್ದವು. ತೊಗಟೆಯನ್ನು ಔಷಧಿಗೆಂದು ಸುಲಿದು ಸುಲಿದು ಕಾಡಿನಲ್ಲಿ ಅಪರೂಪವಾಗಿರುವ, ಹಳ್ಳದ ದಂಡೆಯಲ್ಲಿ ಕಿತ್ತಳೆ ಬಣ್ಣದ ಹೂಗೊಂಚಲು ಬಿಡುವ ನಿಜವಾದ ಸೀತಾ ಅಶೋಕಕ್ಕೂ ಇದಕ್ಕೂ ದೂರದ ಸಂಬಂಧವೂ ಇಲ್ಲ. ಮಾರಿದವರಿಗೆ ಮೋಸದ ಉದ್ದೇಶ ಇರಲಿಲ್ಲವೆಂದೇ ನಂಬಿದ್ದೇನೆ; ಬೀಜ ಎಲ್ಲಿಂದ ಬಂತೆಂಬುದು ಅವರಿಗೇ ಗೊತ್ತಿರಲಿಲ್ಲ. ಹಣಕ್ಕಿಂತ ನನ್ನನ್ನು ಕಾಡಿದ್ದು ಎರಡು ಮಳೆಗಾಲ ಕಳೆದುಹೋದದ್ದು.

ಸಿದ್ದಾಪುರದ ನರ್ಸರಿಗೆ ಮೊದಲ ಸಲ ಹೋದಾಗ ಗಿಡ ತೋರಿಸುವುದಕ್ಕೆ ಮೊದಲೇ ಅವರು ನನ್ನನ್ನು ಪ್ರಶ್ನೆ ಕೇಳಿದರು. ಜಾಗ ಯಾವ ದಿಕ್ಕಿಗೆ ಇಳಿಯುತ್ತದೆ, ಮೇ ತಿಂಗಳಲ್ಲಿ ಒಂದು ಮೊಳ ಅಗೆದರೆ ಹಸಿ ಸಿಗುತ್ತದೆಯೇ, ದನ ಬರುತ್ತದೆಯೇ, ಈಗ ಅಲ್ಲಿ ತಾವಾಗಿಯೇ ಎದ್ದಿರುವ ಗಿಡಗಳು ಯಾವುವು ಎಂದೆಲ್ಲ ಕೇಳಿ, ನನ್ನಿಂದಲೇ ಒಂದು ಹಾಳೆಯ ಮೇಲೆ ಹಳ್ಳ, ಧರೆ, ತೋಟದ ಗಡಿ ಬರೆಸಿದರು. ಆಮೇಲೆ ನಾನು ಬಯಸಿ ಹೋಗಿದ್ದ ಗಿಡವನ್ನು ಕೊಡುವುದಿಲ್ಲ ಎಂದರು.

ನಾನು ಕೇಳಿದ್ದು ಕತ್ತಲೆಕಾನಿನ ಹೆಸರನ್ನೇ ಹೊತ್ತಿರುವ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಜೋಗದಿಂದ ಹೊನ್ನಾವರಕ್ಕೆ ಇಳಿಯುವ ದಾರಿಯಲ್ಲಿ ಸಿಗುವ ಆ ಕಾನಿನ ಜೌಗಿನಲ್ಲಿ ಸಿಕ್ಕ ಈ ಮರ, ಗೇರು ಮಾವುಗಳ ಕುಟುಂಬದ್ದು. ದಾಸಪ್ಪ ಮತ್ತು ಎಂ.ಎಚ್. ಸ್ವಾಮಿನಾಥ್ ಅವರು ಇದನ್ನು ಹೊಸ ಜಾತಿಯೆಂದು ವಿವರಿಸಿದ್ದು 2000ನೇ ಇಸವಿಯಲ್ಲಿ. ಅಂದರೆ ನಮ್ಮ ಊರಿನಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿ ನಿಂತಿದ್ದ ಒಂದು ದೊಡ್ಡ ಮರಕ್ಕೆ, ನಾವೆಲ್ಲ ಓದು ಮುಗಿಸಿ ಮನೆಗೆ ಬಂದ ಮೇಲೂ, ವಿಜ್ಞಾನದಲ್ಲಿ ಹೆಸರಿರಲಿಲ್ಲ. ಅದೇ ಕಾನಿನ ಪರಿಸರದಲ್ಲಿ ಮಧುಕಾ ಬೋರ್ಡಿಲ್ಲೋನಿ, ಸಿಜಿಜಿಯಂ ಟ್ರಾವಂಕೋರಿಕಂ ಎಂಬ, ತೀರಾ ದಕ್ಷಿಣಕ್ಕಷ್ಟೇ ಸೀಮಿತವೆಂದು ತಿಳಿದಿದ್ದ ಎರಡು ಮರಗಳು ಇರುವುದನ್ನು ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಅವರ ಸಂಗಡಿಗರು 2008ರಲ್ಲಿ ವರದಿ ಮಾಡಿದರು. ಇಂಥ ಮರದ ಹತ್ತು ಸಸಿಗಳು ನನ್ನ ಒರತೆಯ ಪಕ್ಕದಲ್ಲಿ ನಿಲ್ಲಬೇಕು ಎಂಬ ಆಸೆ ನನಗಿತ್ತು.

ನರ್ಸರಿಯನ್ನು ನೋಡಿಕೊಳ್ಳುವ ಅಕ್ಕ ಅದಕ್ಕೆ ಕೊಟ್ಟ ಉತ್ತರವನ್ನು ಹಾಗೆಯೇ ಬರೆಯುತ್ತೇನೆ: "ಅದು ಮಾರುವ ಗಿಡ ಅಲ್ಲ ಹೆಗಡೆಯವರೇ. ಇರುವುದೇ ಬೆರಳೆಣಿಕೆಯ ತಾಯಿಮರ. ಅದರ ಬೀಜ ಅದರ ಜೌಗಿಗೇ ಹೋಗಬೇಕು. ನಿಮ್ಮ ಜಾಗ ಮೊದಲು ರಾಂಪತ್ರೆಯನ್ನು ಉಳಿಸಿಕೊಳ್ಳುತ್ತದೆಯೋ ನೋಡೋಣ." ಅಂದು ನನಗೆ ನಿರಾಸೆಯಾಯಿತು. ಈಗ ಯೋಚಿಸಿದರೆ ಈ ನರ್ಸರಿಯ ಮೇಲೆ ನಂಬಿಕೆ ಹುಟ್ಟಿದ್ದೇ ಆ ನಿರಾಕರಣೆಯಿಂದ. ವರ್ಷವಿಡೀ ಒದ್ದೆಯಾಗಿರುವ ನೆಲವೇ ಬೇಕಾದ ಮರ ಅದು. ಎರಡು ತಿಂಗಳು ಒಣಗುವ ನನ್ನ ದಂಡೆಗೆ ಕೊಟ್ಟಿದ್ದರೆ ಸಾಯುತ್ತಿತ್ತು, ಸತ್ತ ಪ್ರತಿ ಸಸಿಯೂ ಕಾನಿನ ಲೆಕ್ಕದಿಂದ ಕಳೆದುಹೋದ ಒಂದು ಬೀಜವಾಗುತ್ತಿತ್ತು.

ಬೀಜದ ಮಾತಿಗೆ ಬಂದರೆ, ಈ ನರ್ಸರಿಯ ನಿಜವಾದ ಆಸ್ತಿ ಸಸಿಗಳಲ್ಲ, ಕೆಂಪು ರಟ್ಟಿನ ಒಂದು ಉದ್ದನೆಯ ಲೆಕ್ಕದ ಪುಸ್ತಕ. ಅದರಲ್ಲಿ ಪ್ರತಿ ತಾಯಿಮರಕ್ಕೂ ಒಂದು ಪುಟ. ನನಗೆ ಸಸಿ ಸಿಕ್ಕ ಒಂದು ರಾಂಪತ್ರೆಯ ಪುಟವನ್ನು ಬಿಡಿಸಿ ತೋರಿಸಿದರು: ಮರ ನಿಂತ ಬೆಟ್ಟ, ಅದರ ಸುತ್ತಳತೆ, ಹತ್ತಿರದ ಗಂಡು ಮರ ಎಷ್ಟು ಮಾರು ದೂರ, ಯಾವ ದಿನ ಎಷ್ಟು ಕಾಯಿ ಹೆಕ್ಕಿದರು, ಎಷ್ಟನ್ನು ಬುಡದಲ್ಲೇ ಬಿಟ್ಟರು, ಎಷ್ಟು ಮೊಳೆತವು. ಒಂದು ವರ್ಷದ ಸಾಲಿನ ಎದುರು "ಮಂಗಟ್ಟೆ ತಿಂದು ಮುಗಿಸಿದೆ, ನಾವು ಹೆಕ್ಕಲಿಲ್ಲ" ಎಂದು ಬರೆದಿತ್ತು. ಬೀಜ ಹೆಕ್ಕುವುದು ಪರಿಚಯದವರ ಬೆಟ್ಟ, ತೋಟದಂಚು, ಹಾಗೂ ಗ್ರಾಮ ಅರಣ್ಯ ಸಮಿತಿಯ ಒಪ್ಪಿಗೆ ಇರುವ ಕಡೆಗಳಿಂದ ಮಾತ್ರ. ಒಂದೇ ಮರದ ಮಕ್ಕಳನ್ನು ಒಬ್ಬರಿಗೇ ಕೊಡದೆ, ಐದಾರು ಮರಗಳ ಸಸಿಗಳನ್ನು ಬೆರೆಸಿ ಕೊಡುವುದು ಅವರ ಪದ್ಧತಿ. ಅಳಿವಿನಂಚಿನ ಜಾತಿಯ ಸಾವಿರ ಸಸಿಗಳು ಒಂದೇ ತಾಯಿಯವಾದರೆ, ಮುಂದೆ ಅವು ಪರಸ್ಪರ ಕೂಡಿ ಬಿಡುವ ಬೀಜ ದುರ್ಬಲವಾಗುತ್ತದೆ. ಬಂದ ರೋಗವೊಂದು ಎಲ್ಲವನ್ನೂ ಒಟ್ಟಿಗೆ ಹಿಡಿಯಬಹುದು. ಎಷ್ಟು ಲಕ್ಷ ಸಸಿ ನೆಟ್ಟೆವು ಎಂಬ ಲೆಕ್ಕವನ್ನು ಫಲಕದ ಮೇಲೆ ಬರೆಸುವ ಕಾಲದಲ್ಲಿ, ಎಷ್ಟು ತಾಯಿಮರಗಳು ಎಂದು ಕೇಳಿದರೆ ಉತ್ತರ ಕೊಡಬಲ್ಲ ಜಾಗಗಳು ಬಹಳ ಕಡಿಮೆ.

ಈ ಬಗೆಯ ನರ್ಸರಿ ನಡೆಸುವುದು ಏಕೆ ಕಷ್ಟ ಎಂಬುದೂ ನನಗೆ ತಿಳಿದದ್ದು ಅಲ್ಲಿಯೇ. ತೇಗದ ಬೀಜವನ್ನು, ಅಕೇಶಿಯಾದ ಬೀಜವನ್ನು ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಬಿತ್ತಬಹುದು. ನಿತ್ಯಹರಿದ್ವರ್ಣ ಕಾಡಿನ ಹೆಚ್ಚಿನ ದೊಡ್ಡ ಮರಗಳ ಬೀಜಕ್ಕೆ ಆ ಗುಣವಿಲ್ಲ, ಒಣಗಿದರೆ ಸತ್ತವು. ಅಕ್ಕ ನನ್ನ ಕೈಯಲ್ಲಿ ಎರಡು ರಾಂಪತ್ರೆ ಬೀಜಗಳನ್ನಿಟ್ಟು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಲು ಹೇಳಿದರು. ಒಂದು ನಿಶ್ಶಬ್ದ, ಇನ್ನೊಂದು ಗಟಗಟ ಸದ್ದು ಮಾಡಿತು. ಸದ್ದು ಮಾಡಿದ್ದು ಬೀಜವನ್ನು ಸುತ್ತಿರುವ ಕೆಂಪು ಪತ್ರೆ ಸುಲಿದು ವಾರಗಟ್ಟಲೆ ಜಗಲಿಯಲ್ಲಿ ಬಿದ್ದದ್ದು. ಒಳಗಿನ ತಿರುಳು ಕುಗ್ಗಿ ಚಿಪ್ಪಿನಿಂದ ಬಿಟ್ಟುಕೊಂಡಿತ್ತು. ಹಸಿಯದನ್ನು ಕತ್ತಿಯಿಂದ ಸೀಳಿದಾಗ ಜಾಯಿಕಾಯಿಯಂತೆಯೇ ಬಿಳಿಯ ತಿರುಳಿನ ತುಂಬ ಕಂದು ಗೆರೆಗಳು ಹರಡಿದ್ದವು, ತಿರುಳು ಚಿಪ್ಪಿಗೆ ಒತ್ತಿ ಕೂತಿತ್ತು. ಪತ್ರೆಯ ಬೆಲೆಗಾಗಿ ಕಾಯಿ ಬಲಿಯುವ ಮೊದಲೇ ಟೊಂಗೆ ಕಡಿದು ಕೊಯ್ಯುವ ಕಡೆಗಳಲ್ಲಿ ಹಸಿ ಬೀಜ ನೆಲಕ್ಕೆ ಬೀಳುವುದೇ ಇಲ್ಲ. ಧೂಮ, ಸಾಲುಧೂಪ, ಹೈಗದಂಥ ಮರಗಳ ಬೀಜಗಳಿಗೂ ಇದೇ ಅವಸರ. ಬಿದ್ದ ಕೆಲವೇ ದಿನಗಳಲ್ಲಿ ಮಣ್ಣು ಸೇರಿಸಬೇಕು, ಇಲ್ಲವಾದರೆ ಆ ವರ್ಷ ಕೈಬಿಡಬೇಕು. ಆದ್ದರಿಂದ ಈ ನರ್ಸರಿಯಲ್ಲಿ "ಈ ವರ್ಷ ಇಲ್ಲ" ಎಂಬ ಮಾತನ್ನು ಆಗಾಗ ಕೇಳಬೇಕಾಗುತ್ತದೆ. ಅದನ್ನು ನಾನು ದೋಷವೆಂದು ಎಣಿಸುವುದಿಲ್ಲ.

ಸಸಿಗಳ ಗುಣಮಟ್ಟದ ಬಗ್ಗೆ ಒಟ್ಟಾರೆ ನನಗೆ ಸಮಾಧಾನವಿದೆ, ಒಂದು ದೂರೂ ಇದೆ. ಎರಡು ವರ್ಷ ಬೆಳೆದ, ಮೊಣಕಾಲೆತ್ತರದ ಸಸಿಗೆ ನಾನು 60 ರೂಪಾಯಿ ಕೊಟ್ಟೆ; ಸಾಮಾಜಿಕ ಅರಣ್ಯದ ಸಸಿಗಳಿಗೆ ಹೋಲಿಸಿದರೆ ಇದು ಬಹಳ ಹೆಚ್ಚು, ಆದರೆ ಎರಡು ವರ್ಷ ನೆರಳು ಕೊಟ್ಟು ನೀರೆರೆದ ಕೂಲಿಯನ್ನು ಲೆಕ್ಕ ಹಾಕಿದರೆ ಹೆಚ್ಚಲ್ಲ. ಧೂಮ, ಹೈಗದ ಚೀಲಗಳಿಗೆ ತಾಯಿಮರದ ಬುಡದಿಂದ ಒಂದು ಹಿಡಿ ಮಣ್ಣು ತಂದು ಬೆರೆಸುತ್ತಾರೆ, ಏಕೆಂದರೆ ಆ ಕುಟುಂಬದ ಮರಗಳ ಬೇರು ಕೆಲವು ಶಿಲೀಂಧ್ರಗಳ ಒಡನಾಟದಲ್ಲಿಯೇ ಚೆನ್ನಾಗಿ ಬೆಳೆಯುತ್ತದೆ. ಕೊಡುವುದಕ್ಕೆ ತಿಂಗಳ ಮೊದಲು ನೆರಳಿನ ಬಲೆಯಿಂದ ಹೊರಗಿಟ್ಟು ಬಿಸಿಲಿಗೆ ಒಗ್ಗಿಸುತ್ತಾರೆ. ಇಷ್ಟೆಲ್ಲ ಎಚ್ಚರವಿದ್ದರೂ ಎರಡನೆಯ ವರ್ಷ ಕೊಂಡ, ಹುಳಿ ಹಣ್ಣು ಬಿಡುವ ಉಪ್ಪಗೆ ಮರದ ಸಸಿಗಳಲ್ಲಿ ಹನ್ನೆರಡರ ತಾಯಿಬೇರು ಚೀಲದ ತಳದಲ್ಲಿ ಸಿಂಬೆಯಂತೆ ಸುತ್ತಿಕೊಂಡಿತ್ತು. ಚಿಕ್ಕ ಚೀಲದಲ್ಲಿ ಹೆಚ್ಚು ಕಾಲ ಇಟ್ಟದ್ದರ ಫಲ ಅದು. ಅಂಥ ಗಿಡ ಮೊದಲೆರಡು ವರ್ಷ ಹಸುರಾಗಿ ಕಂಡರೂ ಬೇರು ಆಳಕ್ಕೆ ಇಳಿಯದೆ ಬೇಸಿಗೆಯಲ್ಲಿ ಸೊರಗುತ್ತದೆ, ಇಲ್ಲವೇ ಗಾಳಿಗೆ ಬೀಳುತ್ತದೆ. ಚೀಲ ಸೀಳಿದ ಫೋಟೋ ಕಳಿಸಿದಾಗ ವಾದ ಮಾಡದೆ ಮುಂದಿನ ಮಳೆಗಾಲಕ್ಕೆ ಬದಲಿ ಕೊಟ್ಟರು. ಆದರೂ ಸಸಿ ಇಳಿಸುವಾಗ ಒಂದೆರಡು ಚೀಲಗಳನ್ನು ಸೀಳಿ ಬೇರು ನೋಡಿಯೇ ಉಳಿದದ್ದನ್ನು ಗಾಡಿಗೆ ಹತ್ತಿಸಬೇಕೆಂದು ಹೋಗುವವರಿಗೆ ಹೇಳುತ್ತೇನೆ.

ಗುರುತುಪಟ್ಟಿಯ ವ್ಯವಸ್ಥೆ ಇನ್ನೂ ಸುಧಾರಿಸಬೇಕು. ಚೀಲದ ಮೇಲೆ ಪೆನ್ನಿನಲ್ಲಿ ಬರೆದ ಸಂಖ್ಯೆ ಎರಡು ಮಳೆಗೆ ಅಳಿಸಿಹೋಗುತ್ತದೆ. ತಾಯಿಮರದ ಪುಟ ಪುಸ್ತಕದಲ್ಲಿ ಭದ್ರವಾಗಿದ್ದರೂ, ನನ್ನ ಬೆಟ್ಟದಲ್ಲಿ ನಿಂತ ಗಿಡ ಯಾವ ಪುಟದ್ದೆಂದು ಈಗ ಅರ್ಧದಷ್ಟಕ್ಕೆ ನಾನೇ ಹೇಳಲಾರೆ. ಅಷ್ಟು ಶ್ರಮಪಟ್ಟು ಇಟ್ಟ ಲೆಕ್ಕ ಗಿಡ ನೆಡುವ ಹೊತ್ತಿಗೆ ಕಡಿದುಹೋಗುವುದು ಬಹಳ ದೊಡ್ಡ ನಷ್ಟ. ಅಲ್ಯೂಮಿನಿಯಂ ತಗಡಿನ ಚೂರಿಗೆ ಮೊಳೆಯಿಂದ ಅಂಕಿ ಗೀಚಿ ಕಟ್ಟಿದರೂ ಸಾಕು. ಇದನ್ನು ಅವರಿಗೂ ಹೇಳಿದ್ದೇನೆ.

ನೆಡುವ ಸಲಹೆಯೇ ಈ ನರ್ಸರಿಯ ಅತ್ಯುತ್ತಮ ಸೇವೆ ಎಂದು ನನ್ನ ಅಭಿಪ್ರಾಯ. ಅಕ್ಕನ ಮನೆಯವರು ಏಪ್ರಿಲ್ ತಿಂಗಳಲ್ಲಿ ಬಂದು ನನ್ನ ಬೆಟ್ಟವನ್ನು ಒಂದು ಹಗಲು ಸುತ್ತಿದರು. ಮಳೆಗಾಲದಲ್ಲಿ ಎಲ್ಲ ಜಾಗವೂ ಚೆನ್ನಾಗಿಯೇ ಕಾಣುತ್ತದೆ, ನೆಲದ ನಿಜವಾದ ಸ್ವಭಾವ ಗೊತ್ತಾಗುವುದು ಏಪ್ರಿಲಿನಲ್ಲಿ ಎಂಬುದು ಅವರ ವಾದ. ಬೆಟ್ಟದ ಮೇಲ್ಭಾಗದಲ್ಲಿ ಮತ್ತಿ, ನೇರಳೆ, ಹೊಳೆಗೇರು ತಾವಾಗಿಯೇ ಚಿಗುರಿದ್ದನ್ನು ನೋಡಿ, "ಇಲ್ಲಿ ನೀವು ಏನೂ ನೆಡಬೇಡಿ, ದನ ಮತ್ತು ಬೆಂಕಿ ಬರದ ಹಾಗೆ ನೋಡಿಕೊಳ್ಳಿ, ಐದು ವರ್ಷ ಸೊಪ್ಪು ಕಡಿಯಬೇಡಿ" ಎಂದರು. ಸಸಿ ಮಾರಿ ಬದುಕುವವರು ಸಸಿ ಬೇಡವೆನ್ನುವುದು ದೊಡ್ಡ ಮಾತು. ಅದರ ಹಿಂದೆ ಸಂಶೋಧನೆಯ ಬೆಂಬಲವೂ ಇದೆ. ತಮಿಳುನಾಡಿನ ವಾಲ್ಪಾರೈ ಪ್ರಸ್ಥಭೂಮಿಯಲ್ಲಿ ಟೀ ಕಾಫಿ ತೋಟಗಳ ನಡುವೆ ಉಳಿದ ಮಳೆಕಾಡಿನ ತುಣುಕುಗಳಲ್ಲಿ ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನ ದಿವ್ಯಾ ಮುದ್ದಪ್ಪ, ಟಿ.ಆರ್. ಶಂಕರ್ ರಾಮನ್ ಮತ್ತು ಸಂಗಡಿಗರು ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಸ್ಥಳೀಯ ಜಾತಿಗಳನ್ನು ನೆಡುತ್ತಿದ್ದಾರೆ. ತೀರಾ ಹಾಳಾದ ತುಣುಕುಗಳಲ್ಲಿ ಕಳೆ ತೆಗೆದು ಹಲವು ಜಾತಿಯ ಸಸಿ ನೆಟ್ಟ ಜಾಗ, ಸುಮ್ಮನೆ ಬಿಟ್ಟ ಜಾಗಕ್ಕಿಂತ ಬೇಗ ಕಾಡಿನ ರೂಪಕ್ಕೆ ಮರಳುತ್ತದೆಂದು ಅವರ ಅಧ್ಯಯನ ತೋರಿಸಿತು. ಹಳೆಯ ಕಾಡು ಪಕ್ಕದಲ್ಲೇ ಇದ್ದು ಬೀಜ ತರುವ ಹಕ್ಕಿಗಳು ಬರುವ ಕಡೆ, ಹಾಳು ಕಡಿಮೆ ಇರುವ ಕಡೆ, ಕಾವಲೇ ಸಾಕಾಗುವುದೂ ಉಂಟು. ಎಲ್ಲಿ ನೆಡಬೇಕು, ಎಲ್ಲಿ ಬಿಡಬೇಕು ಎಂಬ ಈ ವಿವೇಚನೆ ನಮ್ಮಲ್ಲಿ ಇಲ್ಲದ್ದರಿಂದಲೇ 1980ರ ದಶಕದಿಂದೀಚೆಗೆ ಮಲೆನಾಡಿನ ಎಷ್ಟೋ ಹುಲ್ಲಿನ ಬೇಣ, ಕುರುಚಲು ಬೆಟ್ಟಗಳು ಅಕೇಶಿಯಾದ ಸಾಲುಗಳಾದವು.

ನೆಡಬೇಕಾದ ಭಾಗವೆಂದು ಅವರು ಗುರುತಿಸಿದ್ದು ಒರತೆಯ ಎರಡು ದಂಡೆ ಮಾತ್ರ. ಅಲ್ಲಿಗೆ ಮೊದಲ ವರ್ಷ ಬೇಗ ಬೆಳೆದು ನೆರಳು ಕೊಡುವ, ಹಕ್ಕಿಗಳನ್ನು ಕರೆಯುವ ಹಣ್ಣಿನ ಗಿಡಗಳು. ಅತ್ತಿ, ನೇರಳೆ. ಥಾಯ್ಲೆಂಡಿನ ಚಿಯಾಂಗ್ ಮಾಯ್ ವಿಶ್ವವಿದ್ಯಾಲಯದ ಅರಣ್ಯ ಪುನಶ್ಚೇತನ ಘಟಕ 1994ರಿಂದ ಬೆಳೆಸಿಕೊಂಡು ಬಂದಿರುವ ಕ್ರಮವೂ ಹೆಚ್ಚುಕಡಿಮೆ ಇದೇ: ಮೊದಲು ಕೆಲವು ಜಾತಿಗಳು ಕಳೆಯನ್ನು ಅಡಗಿಸಿ ಹಕ್ಕಿ ಬಾವಲಿಗಳನ್ನು ಕರೆಯಲಿ, ಉಳಿದ ಜಾತಿಗಳ ಬಹುಪಾಲನ್ನು ಆ ಪ್ರಾಣಿಗಳೇ ತರಲಿ. ಆದರೆ ರಾಂಪತ್ರೆಯಂಥ ದಪ್ಪ ಬೀಜವನ್ನು ಸಣ್ಣ ಹಕ್ಕಿಗಳು ತರಲಾರವು; ಅದಕ್ಕೆ ಮಂಗಟ್ಟೆಯೋ ದೊಡ್ಡ ಕಾಡು ಪಾರಿವಾಳವೋ ಬೇಕು, ಅವು ಇಲ್ಲದ ಕಡೆ ಮನುಷ್ಯನೇ ತಂದು ನೆಡಬೇಕು. ಎರಡನೆಯ ವರ್ಷ ಆ ನೆರಳಿನಲ್ಲಿ ರಾಂಪತ್ರೆ, ರಕ್ತಮರ, ಸೀತಾ ಅಶೋಕ, ಉಪ್ಪಗೆಗಳು ಬಂದವು. ರಾಂಪತ್ರೆಯಲ್ಲಿ ಗಂಡು ಹೆಣ್ಣು ಬೇರೆ ಬೇರೆ ಮರ. ಜಾಯಿಕಾಯಿ ಬೆಳೆದವರಿಗೆ ಇದು ಗೊತ್ತು. ಸಸಿಯಲ್ಲಿ ಲಿಂಗ ತಿಳಿಯದ ಕಾರಣ ಅಲ್ಲೊಂದು ಇಲ್ಲೊಂದು ನೆಟ್ಟರೆ ಮುಂದೆ ಕಾಯಿಯೇ ಆಗದಿರಬಹುದು. ಹಾಗಾಗಿ ಏಳೆಂಟರ ಗುಂಪುಗಳಲ್ಲಿ ನೆಡಿಸಿದರು.

ಉಪ್ಪಗೆಯನ್ನು ಹೆಚ್ಚು ಕೊಟ್ಟದ್ದಕ್ಕೆ ಅವರದೇ ಕಾರಣವಿತ್ತು. ನಮ್ಮ ಕಡೆಯ ಕಾಡಿನ ಸಿಂಗಳೀಕಗಳಿಗೆ ಉಪ್ಪಗೆ ಹಣ್ಣು ಮುಖ್ಯ ಆಹಾರಗಳಲ್ಲೊಂದು. ಒಣಗಿಸಿದ ಸಿಪ್ಪೆಗೆ ಬೆಲೆ ಬಂದಂತೆಲ್ಲ ಹಣ್ಣಾಗುವ ಮೊದಲೇ ಕೊಯ್ಯುವವರು ಹೆಚ್ಚಿದರು. ಅಘನಾಶಿನಿ ಕೊಳ್ಳದಲ್ಲಿ ಸಿಂಗಳೀಕಕ್ಕಾಗಿಯೇ 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು, 2019ರಲ್ಲಿ ಶರಾವತಿ ಕಣಿವೆಯ ಅಭಯಾರಣ್ಯ ವಿಸ್ತರಣೆಗೊಂಡು ಸಿಂಗಳೀಕದ ಹೆಸರನ್ನೇ ಪಡೆಯಿತು. ಬೆಟ್ಟಗಳಲ್ಲಿ ನಾವು ಉಪ್ಪಗೆ ಬೆಳೆಸಿ ನಮ್ಮ ಕೊಯ್ಲನ್ನು ಇಲ್ಲಿಯೇ ಮಾಡಿಕೊಂಡರೆ, ಕಾಡಿನ ಮರಗಳ ಹಣ್ಣು ಅವಕ್ಕೆ ಉಳಿಯುತ್ತದೆ ಎಂದು ಅಕ್ಕ ಹೇಳಿದ್ದು ನನ್ನ ಮನಸ್ಸಿಗೆ ಹಿಡಿಸಿತು.

ಕೊರತೆಗಳು ಇನ್ನೂ ಕೆಲವಿವೆ. ಮರಗಳಷ್ಟೇ ಸಿಗುತ್ತವೆ, ಬೆತ್ತ, ಕಾಡಿನ ಬಳ್ಳಿ, ನೆಲಮಟ್ಟದ ಗಿಡಗಳನ್ನು ಅವರು ಬೆಳೆಸುವುದಿಲ್ಲ. ಸಾಗಣೆಯ ವ್ಯವಸ್ಥೆ ಇಲ್ಲ. ಮೊದಲ ವರ್ಷ ತೆರೆದ ಪಿಕಪ್‌ನಲ್ಲಿ ತಂದ ಸಸಿಗಳ ಎಲೆಗಳೆಲ್ಲ ಗಾಳಿಗೆ ಸುಟ್ಟಂತಾದವು, ಆಮೇಲೆ ಒದ್ದೆ ಗೋಣಿ ಹೊದಿಸಿ ತರುವುದನ್ನು ಕಲಿತೆ. ಸೊಪ್ಪಿನ ಬೆಟ್ಟದಲ್ಲಿ ನೆಟ್ಟ ಮರದ ಹಕ್ಕು ಯಾರದು, ಯಾವುದನ್ನು ಅರಣ್ಯ ಇಲಾಖೆಗೆ ತಿಳಿಸಿ ಮಾಡಬೇಕು ಎಂಬ ಬಗ್ಗೆ ಅವರಲ್ಲಿ ಮಾಹಿತಿ ಇಲ್ಲ, ಅದನ್ನು ನಾವೇ ವಿಚಾರಿಸಿಕೊಳ್ಳಬೇಕು.

ನೆಟ್ಟ 140ರಲ್ಲಿ ಈ ಮೇ ತಿಂಗಳ ಕೊನೆಗೆ ಬದುಕಿದ್ದವು 97. ಹೆಚ್ಚಿನವು ಸತ್ತದ್ದು ಮೊದಲ ಬೇಸಿಗೆಯಲ್ಲಿ, ಬುಡಕ್ಕೆ ದರಕು, ಅಂದರೆ ಒಣಗಿದ ಎಲೆ, ಹೊದಿಸದೆ ನಾನು ಉದಾಸೀನ ಮಾಡಿದ್ದರಿಂದ. ಕೆಲವನ್ನು ಕಾಡುಹಂದಿ ಅಗೆದು ಹಾಕಿತು. ಗುಂಪಿನ ರಾಂಪತ್ರೆಗಳು ನಿಧಾನವಾಗಿ ಬೆಳೆಯುತ್ತಿವೆ, ಮೂರರ ಎತ್ತರ ಈಗ ನನ್ನ ಸೊಂಟಕ್ಕೆ ಬಂದಿದೆ. ಒರತೆ ಇನ್ನೂ ಮಾರ್ಚಿನಲ್ಲೇ ನಿಲ್ಲುತ್ತಿದೆ. ಮೂರು ವರ್ಷದ ಗಿಡಗಳಿಂದ ಅದು ಬದಲಾಗುತ್ತದೆಂದು ನಾನೂ ನಿರೀಕ್ಷಿಸಿರಲಿಲ್ಲ, ಅವರೂ ಹಾಗೆ ಹೇಳಿರಲಿಲ್ಲ.

ಹೋಗುವವರು ಜನವರಿಯ ಒಳಗೆ ಹೋಗಿ ಜಾಗದ ನಕ್ಷೆ ಕೊಟ್ಟು ಹೆಸರು ಬರೆಸಬೇಕು, ಜೂನ್ ಎರಡನೆಯ ವಾರದ ನಂತರವೇ ಸಸಿ ಎತ್ತಬೇಕು. ನೂರಾರು ಸಸಿಗಳನ್ನು ಒಂದೇ ದಿನ ನೆಟ್ಟು ಮುಗಿಸಬೇಕೆನ್ನುವ ಸಂಘ ಸಂಸ್ಥೆಗಳಿಗೆ ಈ ಜಾಗ ಹೊಂದುವುದಿಲ್ಲ. ನನ್ನ ಹೆಸರಿನ ಎದುರು ಈ ವರ್ಷಕ್ಕೆ ಇಪ್ಪತ್ತು ರಾಂಪತ್ರೆ, ಹತ್ತು ಧೂಮ ಬರೆದಿದೆ. ಕತ್ತಲೆಕಾನಿನ ಮರದ ಬಗ್ಗೆ ಹೋದ ತಿಂಗಳು ಮತ್ತೊಮ್ಮೆ ಕೇಳಿದೆ. ಅಕ್ಕ ಪುಸ್ತಕ ತೆಗೆದು ನನ್ನ ಒರತೆಯ ನಕ್ಷೆಯ ಮೂಲೆಯಲ್ಲಿ "ಮೇ ತಿಂಗಳಲ್ಲಿ ಹಸಿ ಸಿಕ್ಕಿದ ವರ್ಷ ನೋಡುವುದು" ಎಂದು ಬರೆದುಕೊಂಡರು.